ಮೂವತ್ತು ತುಂಬುವವರೆಗೆ ಕಾಯಬೇಕೇ?

ಮಧುಮೇಹವೆಂದೊಡನೆ ಸರಕಾರದ ಕಣ್ಣ ಮುಂದೆ ಬರುವುದು ನಡುವಯಸ್ಸಿನವರು. ಊರೂರಲ್ಲಿ ನಡೆಯುವ ಮಧುಮೇಹ, ರಕ್ತದೊತ್ತಡದ ಸಾಮೂಹಿಕ ತಪಾಸಣೆ 30 ತುಂಬಿದವರಿಗಷ್ಟೇ. ಹಾಗಾದರೆ ಗುಬ್ಬಿಯ ಹತ್ತು ವರ್ಷದ ಬಾಲಕಿಗೆ ಟೈಪ್-1 ಮಧುಮೇಹ ಬಂದರೆ ಆಕೆ ಯಾರ ಲೆಕ್ಕಕ್ಕೆ ಸೇರಬೇಕು? ಶಾಲೆ, ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲೇ ಆರಂಭವಾಗಿದೆ, ನಿಜ. ಆದರೆ ಈ ಕಾಯಿಲೆ ತಪಾಸಣಾ ತಂಡದ ದಾರಿ ಕಾಯುವುದಿಲ್ಲ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಇಳಿಯುವ ತೂಕ; ಕೆಲವೇ ವಾರಗಳಲ್ಲಿ ಮಗು ಪ್ರಜ್ಞೆ ತಪ್ಪಬಹುದು.

ಸಿಹಿ ತಿಂದು ಬರುವ ರೋಗ ಇದಲ್ಲ. ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಬದುಕಿರುವಷ್ಟು ದಿನವೂ, ದಿನಕ್ಕೆ ಹಲವು ಬಾರಿ ಚುಚ್ಚುಮದ್ದು ಬೇಕು. ರಕ್ತ ಪರೀಕ್ಷೆಯ ಪಟ್ಟಿಗಳು ಬೇಕು. ಔಷಧವನ್ನು ತಂಪಾಗಿಡಬೇಕು. ತುಮಕೂರಿನ ಬೀಡಿ ಕಟ್ಟುವ ತಾಯಿಯೊಬ್ಬಳ ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಯೋಜನೆ ರೂಪಿಸಿದವರು ಕೇಳಿದ್ದಾರೆಯೇ?

2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕವು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆಯ ಭರವಸೆ ನೀಡಿತು. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಮಗು ಪ್ರಜ್ಞೆ ತಪ್ಪಿ ಮಲಗಿದರೆ ಹಣವಿದೆ. ಮಲಗದಂತೆ ದಿನದಿನವೂ ಕಾಪಾಡುವ ತಂದೆಗೆ ಏನಿದೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾಗಳಿವೆ. ಸ್ವಾಗತಾರ್ಹ. ಟೈಪ್-1 ಮಧುಮೇಹ ಆ ಪಟ್ಟಿಯಲ್ಲಿಲ್ಲ.

ಹತ್ತರ ಹರೆಯದ ರೋಗಿಗೆ ಮುಂದೆ ಐವತ್ತು ವರ್ಷಗಳ ಆರೈಕೆ ಬೇಕು. ಚಿಕಿತ್ಸೆ ಅಡ್ಡಾದಿಡ್ಡಿಯಾದರೆ ಮೂತ್ರಪಿಂಡ, ಕಣ್ಣುಗಳು ಯೌವನದಲ್ಲೇ ಕೈಕೊಡುತ್ತವೆ. ಹೆತ್ತವರು ತೀರಿಕೊಂಡ ಬಳಿಕ ಅವರನ್ನು ನೋಡಿಕೊಳ್ಳುವವರು ಯಾರು? ಚುನಾವಣೆಗೊಮ್ಮೆ ನಮ್ಮ ಮೊಹಲ್ಲಾಗಳಿಗೆ ಬರುವ ಯಾವ ಪಕ್ಷವೂ ಈ ಪ್ರಶ್ನೆಯನ್ನು ಎತ್ತಿಲ್ಲ. ನಾವೂ ಕೇಳಿಲ್ಲ ಎಂಬುದು ಬೇರೆ ಮಾತು.

ಇಷ್ಟಕ್ಕೂ ಸಮುದಾಯ ಮಾಡುತ್ತಿರುವುದೇನು? ಮಗಳ ಕಾಯಿಲೆಯನ್ನು ಮದುವೆಯ ಭಯದಿಂದ ಮುಚ್ಚಿಡುತ್ತೇವೆ. ಆಕೆ ನೆಂಟರ ಮನೆಯಲ್ಲಿ ಕದ್ದುಮುಚ್ಚಿ ಚುಚ್ಚಿಕೊಳ್ಳಬೇಕು, ಇಲ್ಲವೇ ಬಿಟ್ಟುಬಿಡಬೇಕು. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆಯೆಂದು ತಿಳಿದೂ, ರಮಝಾನಿನಲ್ಲಿ ವೈದ್ಯರನ್ನು ಕೇಳದೆ ಮಗು ಉಪವಾಸ ಹಿಡಿದರೆ ಹೆಮ್ಮೆಪಡುತ್ತೇವೆ. ಒಂದು ವಲೀಮಾದ ಬಿರಿಯಾನಿಗೆ ಸುರಿಯುವ ದುಡ್ಡಿನಲ್ಲಿ ಎಷ್ಟು ಮಕ್ಕಳ ವರ್ಷದ ಇನ್ಸುಲಿನ್ ಬರುತ್ತದೆಂದು ಜಮಾಅತ್ ಕಮಿಟಿಗಳು ಲೆಕ್ಕ ಹಾಕಲಿ.

ಕುಣಿಗಲ್, ಗುಬ್ಬಿ ತಾಲೂಕು ಆಸ್ಪತ್ರೆಗಳಲ್ಲಿ ಇಂಥ ಪ್ರತಿ ಮಗುವಿನ ಹೆಸರು ನೋಂದಣಿಯಾಗಬೇಕು. ಇನ್ಸುಲಿನ್ ಮತ್ತು ಪರೀಕ್ಷಾ ಪಟ್ಟಿ ತಿಂಗಳು ತಪ್ಪದೆ ಉಚಿತವಾಗಿ ಅಲ್ಲೇ ಸಿಗಬೇಕು. ಅದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಿಸುವುದನ್ನು ನಿಲ್ಲಿಸಬೇಕು.