ಕೆಂಪು ದೀಪ ಉರಿದರೆ ಸುಮ್ಮನಿರಬೇಡಿ

ಮದುವೆಯೊಂದಕ್ಕೆಂದು ನಾವು ಸಕಲೇಶಪುರಕ್ಕೆ ಹೊರಟಿದ್ದೆವು. ಹಳೆಯ ಡೀಸೆಲ್ ವ್ಯಾನ್. ಒಳಗೆ ಅತ್ತೆ, ಮಾವ, ನಾದಿನಿ, ನಾಲ್ವರು ಮಕ್ಕಳು, ಹಿಂದೆ ಬಿರಿಯಾನಿಯ ದೊಡ್ಡ ಪಾತ್ರೆ. ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಹತ್ತುತ್ತಿದ್ದಂತೆ ಸ್ಟೇರಿಂಗಿನ ಮುಂದೆ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಉರಿಯಿತು.

“ಇಲ್ನೋಡಿ, ಕೆಂಪು ದೀಪ ಉರೀತಿದೆ” ಎಂದೆ.

“ಅದು ಬರೀ ಬ್ಯಾಟರಿದು. ಹೇಗೂ ಗಾಡಿ ಓಡ್ತಿದೆಯಲ್ಲ, ಮದುವೆ ಮುಗಿಸಿ ನೋಡೋಣ” ಎಂದರು ಮನೆಯವರು. ನಾನೂ ಸುಮ್ಮನಾದೆ. ಡ್ರೈವಿಂಗ್ ಗೊತ್ತಿಲ್ಲದ ನನಗೇನು ತಿಳಿಯುತ್ತದೆ ಎಂದುಕೊಂಡೆ. ಕೆಲವೇ ನಿಮಿಷಗಳಲ್ಲಿ ಸೀಟಿನ ಕೆಳಗಿನಿಂದ ಬಿಸಿ ಹಬೆ ಬಂತು. ಮಕ್ಕಳು ಕಿರುಚಿದರು. ಗಾಡಿ ನಿಲ್ಲಿಸುವಾಗ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು ಎಂದು ಅವರು ಆಮೇಲೆ ಹೇಳಿದರು.

ಆಗಿದ್ದಿಷ್ಟೇ. ಫ್ಯಾನ್ ಬೆಲ್ಟ್ ತುಂಡಾಗಿತ್ತು. ಆದರೆ ಆ ಒಂದು ಬೆಲ್ಟ್ ಮಾಡುವ ಕೆಲಸ ಎಷ್ಟೆಂದು ನಮಗೆ ಅಂದೇ ತಿಳಿದದ್ದು. ಅನೇಕ ಹಳೆಯ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಇಂಜಿನ್ನಿಗೆ ನೀರು ಹರಿಸುವ ಪಂಪನ್ನೂ ತಿರುಗಿಸುವುದು ಅದೇ ಬೆಲ್ಟ್. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಕೂಡ ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ನಾವು ‘ಬರೀ ಬ್ಯಾಟರಿ’ ಎಂದುಕೊಂಡ ದೀಪ ಮೂರು ಅಪಾಯಗಳನ್ನು ಒಟ್ಟಿಗೆ ಹೇಳುತ್ತಿತ್ತು. ಬಿಸಿ ಹೆಚ್ಚಾದಾಗ ಕೂಗಬೇಕಿದ್ದ ಬಝರ್ ಕೂಗಲಿಲ್ಲ. ಸದ್ದು ಕಿರಿಕಿರಿ ಎಂದು ಎರಡು ತಿಂಗಳ ಹಿಂದೆ ನಾವೇ ಅದರ ವಯರ್ ಬಿಚ್ಚಿಸಿದ್ದೆವು! ಏರಿನ ಬದಲು ಇಳಿಜಾರಿನಲ್ಲಿ ಹೀಗಾಗಿದ್ದರೆ? ನೆನೆದರೆ ಈಗಲೂ ಎದೆ ನಡುಗುತ್ತದೆ.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇರಬಹುದು. ನೀವು ಓಡಿಸದಿದ್ದರೂ ಈ ದೀಪಗಳ ಭಾಷೆ ನಿಮಗೆ ತಿಳಿದಿರಲಿ.

ಮೊದಲು ಒಂದು ಸುಲಭದ ಪರೀಕ್ಷೆ. ಇಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ‘ಆನ್’ ವರೆಗೆ ಮಾತ್ರ ತಿರುಗಿಸಿ. ಬ್ಯಾಟರಿ ಮತ್ತು ಆಯಿಲ್ ದೀಪಗಳು ಉರಿಯಬೇಕು. ಸ್ಟಾರ್ಟ್ ಆದ ಕೂಡಲೇ ಆರಬೇಕು. ಕೀಲಿ ತಿರುಗಿಸಿದಾಗ ದೀಪ ಉರಿಯಲೇ ಇಲ್ಲವೆಂದರೆ ಎಲ್ಲ ಸರಿಯಿದೆ ಎಂದು ಅರ್ಥವಲ್ಲ, ಬಲ್ಬು ಸುಟ್ಟಿರಬಹುದು ಅಥವಾ ವಯರ್ ಕಳಚಿರಬಹುದು. ಅಪಾಯ ಬಂದಾಗಲೂ ಅದು ಉರಿಯದು.

ಇನ್ನು ಬಣ್ಣ. ಹಸಿರು ಮತ್ತು ನೀಲಿ ದೀಪಗಳು ಸಾಮಾನ್ಯವಾಗಿ ಮಾಹಿತಿಗಾಗಿ ಮಾತ್ರ. ಹಳದಿ ಎಂದರೆ ಬೇಗನೆ ತೋರಿಸಿ. ಡೀಸೆಲ್ ಗಾಡಿಯಲ್ಲಿ ಸ್ಪ್ರಿಂಗಿನಂತಹ ಹಳದಿ ಚಿತ್ರ ಮಾತ್ರ ಹೀಟರಿನದು. ಅದು ಆರಿದ ಮೇಲೆ ಸ್ಟಾರ್ಟ್ ಮಾಡಬೇಕು. ಕೆಂಪು ಎಂದರೆ ನಿಲ್ಲಿಸಿ ನೋಡಿ.

ಎಣ್ಣೆ ಗಿಂಡಿಯ ಚಿತ್ರ: ಇದು ಎಲ್ಲಕ್ಕಿಂತ ಗಂಭೀರ. ಇಂಜಿನ್ನಿಗೆ ಆಯಿಲ್ ಒತ್ತಡದಿಂದ ತಲುಪುತ್ತಿಲ್ಲ ಎಂದರ್ಥ. ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಕೆಲವು ನಿಮಿಷ ಬಿಟ್ಟು ಸಮತಟ್ಟಾದ ಜಾಗದಲ್ಲಿ ಆಯಿಲ್ ಕಡ್ಡಿ ಎಳೆದು ನೋಡಿ. ತಿರುವಿನಲ್ಲಿ ಮಾತ್ರ ದೀಪ ಮಿನುಗಿದರೆ ಆಯಿಲ್ ಕಡಿಮೆಯಾಗಿರುವ ಸಂಭವ ಹೆಚ್ಚು. ಆಯಿಲ್ ಸರಿಯಿದ್ದೂ ದೀಪ ಆರದಿದ್ದರೆ ಓಡಿಸಬೇಡಿ. ಕೆಟ್ಟದ್ದು ಸ್ವಿಚ್ಚೋ, ಇಂಜಿನ್ನೋ ಎಂಬುದನ್ನು ಮೆಕ್ಯಾನಿಕ್ ಮೀಟರ್ ಹಚ್ಚಿ ಒತ್ತಡ ಅಳೆದು ಹೇಳಲಿ.

ಬ್ಯಾಟರಿ: ಓಡುವಾಗ ಉರಿದರೆ ಚಾರ್ಜ್ ಆಗುತ್ತಿಲ್ಲ. ಮೊದಲು ಬೆಲ್ಟ್ ನೋಡಿಸಿ. ಬೆಲ್ಟ್ ಇಲ್ಲದಿದ್ದರೆ ಅಲ್ಲಿಂದ ಮುಂದೆ ಹೋಗಲೇಬೇಡಿ. ಬೆಲ್ಟ್ ಸರಿಯಿದ್ದರೆ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆಯೇ, ಬಿಳಿ ಪುಡಿ ಕಟ್ಟಿದೆಯೇ ಎಂದು ನೋಡಬೇಕು. ಚಾರ್ಜ್ ತುಂಬಿದ ಬ್ಯಾಟರಿ ಇಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ 13.5ರಿಂದ 14.5 ವೋಲ್ಟ್ ತೋರಿಸಬೇಕು.

ತಾಪಮಾನ: ಎ.ಸಿ. ಬಂದ್ ಮಾಡಿ, ಗಾಡಿ ನಿಲ್ಲಿಸಿ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ತೆರೆಯಲೇಬಾರದು. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು, ಮುಟ್ಟಿ ತಣ್ಣಗಾದದ್ದು ಖಚಿತವಾದ ಮೇಲೆ ಮಾತ್ರ ನೀರು ಹಾಕಿ.

ಬ್ರೇಕ್: ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಇಳಿದಿದ್ದೂ ಉರಿದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು. ಸೋರುತ್ತಿರಲೂಬಹುದು, ಪ್ಯಾಡ್ ಸವೆದಿರಲೂಬಹುದು. ಬರೀ ಆಯಿಲ್ ತುಂಬಿಸಿ ಘಾಟಿ ಇಳಿಯಬೇಡಿ.

ಎಲ್ಲ ದೀಪಗಳೂ ಒಮ್ಮೆಲೇ ಮಂದವಾಗಿ ಉರಿದರೆ ಅಥವಾ ಮಿನುಗಿದರೆ ಎಲ್ಲವೂ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಹಳೆಯ ಗಾಡಿಗಳಲ್ಲಿ ಹೆಚ್ಚಾಗಿ ಅದು ಅರ್ಥ್ ವಯರ್ ಸಡಿಲಾಗಿರುವ ಲಕ್ಷಣ.

ಬಝರ್ ಯಾವಾಗ ಕೂಗುತ್ತದೆ ಎಂಬುದನ್ನು ಗಮನಿಸಿ. ಬಾಗಿಲು ತೆರೆದಾಗ ಮಾತ್ರ ಕೂಗಿದರೆ ಹೆಡ್‌ಲೈಟ್ ಆರಿಸಿಲ್ಲ ಅಥವಾ ಕೀಲಿ ಬಿಟ್ಟಿದ್ದೀರಿ. ಹೊಂಡಕ್ಕೆ ಬಿದ್ದಾಗಲೆಲ್ಲ ಕೂಗಿದರೆ ಬಾಗಿಲು ಸರಿಯಾಗಿ ಮುಚ್ಚಿಲ್ಲ ಅಥವಾ ಅದರ ಸ್ವಿಚ್ ಕೆಟ್ಟಿದೆ. ಮಕ್ಕಳಿರುವ ಗಾಡಿಯಲ್ಲಿ ಇದು ಸಣ್ಣ ವಿಷಯವಲ್ಲ. 2019ರ ಜುಲೈ 1ರ ನಂತರ ನಮ್ಮ ದೇಶದಲ್ಲಿ ತಯಾರಾದ ಕಾರುಗಳು 80 ಕಿ.ಮೀ. ವೇಗ ದಾಟಿದರೆ ಬಿಟ್ಟು ಬಿಟ್ಟು, 120 ದಾಟಿದರೆ ನಿಲ್ಲದೆ ಕೂಗುತ್ತವೆ. ಆದರೆ ಹಳೆಯ ಗಾಡಿಯಲ್ಲಿ ಇರುವುದೇ ಒಂದೆರಡು ಬಝರ್. ಅವುಗಳ ಬಾಯಿಯನ್ನೂ ಮುಚ್ಚಿಸಬೇಡಿ.

ದಾರಿಯಲ್ಲಿ ನಿಲ್ಲಿಸಬೇಕಾಗಿ ಬಂದರೆ ನಾಲ್ಕೂ ಇಂಡಿಕೇಟರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಮಕ್ಕಳನ್ನೂ ವಯಸ್ಸಾದವರನ್ನೂ ರಸ್ತೆಯ ಕಡೆಯ ಬಾಗಿಲಿನಿಂದ ಇಳಿಸಬೇಡಿ. ಗಾಡಿಯಿಂದ ದೂರ, ಸುರಕ್ಷಿತ ಜಾಗದಲ್ಲಿ ಕೂರಿಸಿ. ಹೊರಡುವಾಗಲೇ ಎರಡು ಬಾಟಲಿ ನೀರು, ಟಾರ್ಚ್, ಒಂದು ಹೆಚ್ಚುವರಿ ಬೆಲ್ಟ್ ಇಟ್ಟುಕೊಳ್ಳಿ.

ಅಂದು ನಾವು ಮದುವೆಗೆ ತಲುಪುವಾಗ ಊಟ ಮುಗಿದಿತ್ತು. ಬೆಲ್ಟಿನ ಬೆಲೆ ಕೆಲವು ನೂರು ರೂಪಾಯಿ. ಬಿಸಿಗೆ ಹಾಳಾದ ಇಂಜಿನ್ ಹೆಡ್ ರಿಪೇರಿಗೆ ಮಗಳ ಶಾಲಾ ಫೀಸಿಗೆಂದು ಕೂಡಿಟ್ಟ ಹಣವೆಲ್ಲ ಹೋಯಿತು. ದೀಪ ಉರಿದಾಗಲೇ ನಿಲ್ಲಿಸಿದ್ದರೆ ಬೆಲ್ಟಿನಲ್ಲೇ ಮುಗಿಯುತ್ತಿತ್ತು.

ಈಗ ಪ್ರಯಾಣಕ್ಕೆ ಮುನ್ನ ಕೀಲಿ ತಿರುಗಿಸಿ ಮನೆಯವರೇ ನನ್ನನ್ನು ಕರೆಯುತ್ತಾರೆ: “ಬಾ, ದೀಪ ಎಣಿಸು.” ನಾನು ಎಣಿಸುತ್ತೇನೆ. ಓಡಿಸುವವರ ಕಣ್ಣು ರಸ್ತೆಯ ಮೇಲಿರುತ್ತದೆ. ಪಕ್ಕದಲ್ಲಿ ಕುಳಿತ ನಿಮ್ಮ ಕಣ್ಣಿಗೆ ಕೆಂಪು ದೀಪ ಮೊದಲು ಬಿದ್ದರೆ ಒಮ್ಮೆ ಹೇಳಿ. ಕೇಳದಿದ್ದರೆ ಮತ್ತೊಮ್ಮೆ ಹೇಳಿ. ನಿಲ್ಲಿಸುವವರೆಗೂ ಹೇಳಿ.