ರಸ್ತೆಯ ನೀರು ನೇರವಾಗಿ ಕೆರೆಗೆ ಬೇಡ

ಕೆರೆ ತುಂಬಿದರೆ ಸಾಕು, ನೀರು ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಡಾಂಬರು ರಸ್ತೆಯ ಚರಂಡಿಯನ್ನು ಕೆರೆಗೇ ತಿರುಗಿಸಿರುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಊರಿನವರು ಅಮೆರಿಕದ ಸಿಯಾಟಲ್ ನಗರದ ಸುತ್ತ ನಡೆದ ಒಂದು ಸಂಶೋಧನೆಯನ್ನು ತಿಳಿಯುವುದು ಲೇಸು.

ಅಲ್ಲಿ ಕೊಹೊ ಸಾಲ್ಮನ್ ಎಂಬ ಮೀನು ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹಳ್ಳಕ್ಕೇ ಮರಳುತ್ತದೆ. ನಗರದವರು ಹಣ ಸುರಿದು ಹಳ್ಳಗಳನ್ನು ಹಸನು ಮಾಡಿದರು. ಮೀನುಗಳೇನೋ ಬಂದವು. ಆದರೆ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ದಿಕ್ಕುಗೆಟ್ಟು ಈಜಾಡಿ, ಹೊಟ್ಟೆ ತುಂಬ ಮೊಟ್ಟೆಯಿದ್ದಂತೆಯೇ ಸತ್ತವು. ರೋಗವಿರಬಹುದೆ, ಕೀಟನಾಶಕವಿರಬಹುದೆ ಎಂದು ನೋಡಿದ್ದಾಯಿತು. ಎರಡೂ ಅಲ್ಲ.

ಕಾರಣ ಹೊರಬಿದ್ದದ್ದು 2020ರ ಡಿಸೆಂಬರಿನಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಎಡ್ವರ್ಡ್ ಕೊಲೊಡ್ಜೀ ಅವರ ತಂಡದಲ್ಲಿದ್ದ ಯುವ ಸಂಶೋಧಕ ಜೆನ್ಯು ಟಿಯಾನ್, ಟಯರಿನ ಪುಡಿ ನೆನೆಸಿದ ನೀರಿನಲ್ಲಿದ್ದ ಎರಡು ಸಾವಿರಕ್ಕೂ ಮಿಕ್ಕ ರಾಸಾಯನಿಕಗಳನ್ನು ಹಂತಹಂತವಾಗಿ ಬೇರ್ಪಡಿಸುತ್ತ ಹೋಗಿ ಕೊಲೆಗಾರನನ್ನು ಹಿಡಿದರು. ಟಯರು ಬಿರಿಯದಂತೆ ಅದಕ್ಕೆ 6ಪಿಪಿಡಿ ಎಂಬ ವಸ್ತುವನ್ನು ಬೆರೆಸುತ್ತಾರೆ. ಗಾಳಿಯಲ್ಲಿನ ಓಝೋನ್ ತಗುಲಿ ಅದೇ ವಿಷವಾಗುತ್ತದೆ. ಒಂದು ಲೀಟರು ನೀರಿಗೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಸೇರಿದರೂ ಕೊಹೊ ಉಳಿಯದು.

ಇದನ್ನು ಓದಿ ಕಾಟ್ಲಾ, ರೋಹು ಸಾಕಿದವರು ಗಾಬರಿಯಾಗಬೇಕಿಲ್ಲ. ಈ ವಿಷ ಎಲ್ಲ ಮೀನಿಗೂ ಒಂದೇ ಅಲ್ಲ. ಚಮ್ ಎಂಬ ಇನ್ನೊಂದು ಸಾಲ್ಮನ್ ಜಾತಿ ಇದನ್ನು ತಡೆದುಕೊಂಡಿತು. ಆದರೆ ಟಯರಿನ ಪುಡಿ, ಸುರಿದ ಆಯಿಲ್, ಬ್ರೇಕಿನ ತಾಮ್ರ ಎಲ್ಲವೂ ರಸ್ತೆಯ ಮೇಲೆ ಬೇಸಿಗೆಯುದ್ದಕ್ಕೂ ಕೂತು, ಮೊದಲ ಮಳೆಗೆ ಒಟ್ಟಾಗಿ ಇಳಿಯುವುದು ಇಲ್ಲಿಯೂ ಹಾಗೆಯೇ. ಆ ಕೆರೆಯಲ್ಲಿ ದನ ನೀರು ಕುಡಿಯುತ್ತದೆ, ಆ ನೀರೇ ಗದ್ದೆಗೂ ಹರಿಯುತ್ತದೆ. ಹೂಳೆತ್ತಿ ಏರಿ ಭದ್ರಪಡಿಸಿ, ಚರಂಡಿಯನ್ನು ಮಾತ್ರ ಹಾಗೇ ಬಿಟ್ಟರೆ ಸಿಯಾಟಲಿನವರು ಮಾಡಿದ್ದನ್ನೇ ನಾವೂ ಮಾಡಿದಂತಾಯಿತು.

ಉಪಾಯ ದುಬಾರಿಯದಲ್ಲ. ವಿಷದ ಹೆಸರು ತಿಳಿಯುವ ಮುಂಚೆಯೇ, 2015ರಲ್ಲಿ ಅಲ್ಲಿನ ವಿಜ್ಞಾನಿಗಳು ಹೆದ್ದಾರಿಯ ನೀರನ್ನು ಮರಳು, ಕಾಂಪೋಸ್ಟು ಬೆರೆಸಿದ ಪದರದ ಮೂಲಕ ಇಳಿಸಿ ನೋಡಿದ್ದರು. ಸೋಸದ ನೀರಿನಲ್ಲಿ ಮೀನೆಲ್ಲ ಸತ್ತವು, ಸೋಸಿದ ನೀರಿನಲ್ಲಿ ಎಲ್ಲವೂ ಬದುಕಿದವು. ಗ್ರಾಮ ಪಂಚಾಯಿತಿಯವರು ಚರಂಡಿ ಕಾಮಗಾರಿ ಎತ್ತಿಕೊಂಡಾಗ, ಕೆರೆಯ ಬಾಯಿಗೆ ಮುಂಚೆ ಇಂಥದೊಂದು ಗುಂಡಿ ತೋಡಿ, ಮೇಲೆ ಲಾವಂಚ ನೆಡಿಸುವಂತೆ ಗ್ರಾಮಸಭೆಯಲ್ಲಿ ಒತ್ತಾಯಿಸಿರಿ. ಸಿಮೆಂಟು ಸುರಿದು ಕೈತೊಳೆದುಕೊಳ್ಳುವ ಕಂಟ್ರಾಕ್ಟರನಿಗೆ ಇದು ರುಚಿಸಲಾರದು. ಗುಂಡಿಯ ಮೇಲೆ ಕಟ್ಟಿದ ಕಪ್ಪು ಕೆಸರನ್ನು ಆಗಾಗ ಕೆರೆದು ತೆಗೆಯಬೇಕು. ಗೊಬ್ಬರವೆಂದು ಅದನ್ನು ಹೊಲಕ್ಕೆ ಮಾತ್ರ ಹಾಕಬೇಡಿ.