ಅಜ್ಜ ಒಬ್ಬರೇ, 'ದೇ' ಯಾಕೆ?

ಸಂಜೆ ಆರಕ್ಕೆ ಹಿಂಡಲಗಾದ ನಮ್ಮ ಮನೆಯ ಪಡಸಾಲೆಯಲ್ಲಿ ಏಳೆಂಟು ಮಕ್ಕಳು ಕೂಡುತ್ತಾರೆ. ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ. ಇಂಗ್ಲಿಷ್ ಎಲ್ಲರಿಗೂ ಹೊಸದು. ಕಳೆದ ವಾರ ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ವಹಿ ತೋರಿಸಿದಳು. ಅಜ್ಜನ ಬಗ್ಗೆ ಬರೆದಿದ್ದಳು: 'ದೇ ಗೋ ಟು ಫೀಲ್ಡ್.' ಶಾಲೆಯಲ್ಲಿ ಅದಕ್ಕೆ ಕೆಂಪು ಗೀಟು ಬಿದ್ದಿತ್ತು. ಕಾರಣ ಬರೆದಿರಲಿಲ್ಲ.

"ಅಜ್ಜ ಒಬ್ರ ಅಲ್ಲೇನವಾ? 'ದೇ' ಯಾಕ ಬರದಿ?"

"ಅಜ್ಜಾರು ಹೋಗ್ತಾರಲ್ರೀ ಅಕ್ಕೋರ. ಹೋಗ್ತಾನ ಅಂದ್ರ ಅವ್ವ ಬೈತಾಳ."

ಪಕ್ಕದ ಮರಾಠಿ ಹುಡುಗ, ತಮ್ಮ ಮನೆಯಲ್ಲೂ 'ಆಜೋಬಾ ಜಾತಾತ್' ಅಂತಲೇ ಅನ್ನುತ್ತಾರೆ ಎಂದ. ಆ ತಪ್ಪಿನೊಳಗೆ ಎಷ್ಟು ವ್ಯಾಕರಣವಿದೆ, ಎಷ್ಟು ಮರ್ಯಾದೆಯಿದೆ!

ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದು ನಮ್ಮ ಮಕ್ಕಳಿಗೆ ತೊಟ್ಟಿಲಿನಿಂದಲೇ ಬಂದದ್ದು. ಹೋಗ್ತೀನಿ, ಹೋಗ್ತೀವಿ, ಹೋಗ್ತಿ, ಹೋಗ್ತೀರಿ, ಹೋಗ್ತಾನ, ಹೋಗ್ತಾಳ, ಹೋಗ್ತೈತಿ, ಹೋಗ್ತಾರ, ಹೋಗ್ತಾವ: 9 ರೂಪ. ಮರಾಠಿ ಹುಡುಗ 'ಮೀ ಜಾತೋ' ಅಂದರೆ ಅವನ ತಂಗಿ 'ಮೀ ಜಾತೇ' ಅನ್ನುತ್ತಾಳೆ. ದಿನಾ ಮಾಡುವ ಕೆಲಸ ಹೇಳಲು ಇಂಗ್ಲಿಷಿನಲ್ಲಿ ಇರುವುದು ಎರಡೇ, 'ಗೋ' ಮತ್ತು 'ಗೋಸ್'. ಹೋಗ್ತಾನ, ಹೋಗ್ತಾಳ, ಹೋಗ್ತೈತಿ, ಈ ಮೂರಕ್ಕೂ ಒಂದೇ 'ಗೋಸ್'. ಒಂಬತ್ತನ್ನು ನಿಭಾಯಿಸುವ ಮಗುವಿಗೆ ಎರಡು ಭಾರವಾಗುವುದು ಹೇಗೆ? ಅದನ್ನು ಅದರ ಮಾತಿನಲ್ಲೇ ಹೇಳದಿದ್ದರೆ ಮಾತ್ರ.

ಒಬ್ಬನಿಗೂ 'ಯೂ ಆರ್' ಯಾಕೆಂದು ಮಕ್ಕಳು ಕೇಳುತ್ತಾರೆ. 'ಯೂ' ಮೂಲದಲ್ಲಿ ಬಹುವಚನ, ನಮ್ಮ 'ನೀವು' ಇದ್ದಂತೆ. 'ನೀನು' ಅನ್ನಲು ಅವರಿಗೆ 'ದೌ' ಇತ್ತು. ಮರ್ಯಾದೆಗಾಗಿ ಒಬ್ಬರಿಗೂ 'ಯೂ' ಅನ್ನುತ್ತ ಅನ್ನುತ್ತ 'ದೌ' ದಿನಬಳಕೆಯಿಂದ ಸರಿದುಹೋಯಿತು. ಇಷ್ಟು ಹೇಳಿದ ಮೇಲೆ 'ಯೂ ಈಸ್' ಎಂದು ನನ್ನ ಮಕ್ಕಳು ಬರೆದದ್ದಿಲ್ಲ.

2007ರಿಂದ ನಮ್ಮ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ವಿಷಯವಿದೆ. ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಇಂಗ್ಲಿಷ್ ತಾಸಿನಲ್ಲಿ ಮನೆಮಾತು ಆಡಿದರೆ ದಂಡ ಹಾಕುವ ಶಾಲೆಗಳಿವೆ. ನನ್ನ ಮೊಮ್ಮಗನೇ ಒಮ್ಮೆ ಹತ್ತು ರೂಪಾಯಿ ಕಟ್ಟಿ ಬಂದ. ಅವತ್ತು ನನಗೆ ಊಟ ಸೇರಲಿಲ್ಲ. ಜರ್ಮನಿಯ ಕಿಟೆಲ್ 1903ರಲ್ಲಿ ಕನ್ನಡ ವ್ಯಾಕರಣ ಬರೆದಾಗ, ಹೊರಗಿನಿಂದ ಬಂದವರಿಗೆ ತಿಳಿಯಲೆಂದು ಇಂಗ್ಲಿಷಿನಲ್ಲೇ ವಿವರಿಸಿದ. ಕನ್ನಡ ಕಲಿಯುವ ದೊಡ್ಡವರಿಗೆ ಸಿಕ್ಕ ಆ ಆಸರೆಯನ್ನು ಇಂಗ್ಲಿಷ್ ಕಲಿಯುವ ಎಂಟು ವರ್ಷದ ಮಗುವಿನಿಂದ ಕಿತ್ತುಕೊಳ್ಳುವುದು ಅನ್ಯಾಯ. ಗೀಟು ಹಾಕುವ ಮೊದಲು "ಯಾಕ ಹಿಂಗ ಬರದಿ?" ಎಂದು ಅದರ ಮಾತಿನಲ್ಲಿ ಕೇಳಿ. ತರಗತಿಯಲ್ಲಿ ಕನ್ನಡಕ್ಕೂ ಮರಾಠಿಗೂ ಜಾಗ ಕೊಡಿ.

ಇಂಗ್ಲಿಷಿನಲ್ಲಿ ಅಜ್ಜನಿಗೆ 'ಹೀ' ಅಂದರೆ ಮರ್ಯಾದೆ ಕಡಿಮೆಯಾಗುವುದಿಲ್ಲ ಎಂದೆ. ಹುಡುಗಿ 'ಹೀ ಗೋಸ್' ಎಂದು ತಿದ್ದಿದಳು. ಪೆನ್ಸಿಲ್ ಎತ್ತಿ ಕೇಳಿದಳು:

"ಅಜ್ಜಾರ ಎತ್ತಿಗೆ?"

"ಇಟ್ ಗೋಸ್."

"ಎರಡೂ ಎತ್ತು ಹೋದ್ರ?"

"ದೇ ಗೋ."

ತನ್ನ 'ದೇ' ಕೊನೆಗೂ ಎಲ್ಲಿ ಕೂಡುತ್ತದೆಂದು ತಿಳಿದ ಖುಷಿಗೆ ಅದನ್ನು ದೊಡ್ಡದಾಗಿ ಬರೆದುಕೊಂಡಳು.